ಕೈಗೇರದ ಹಸಿರು ಬಳೆ

ಕಣಕಟ್ಟೆ
೧೪ ಜುಲೈ ೨೦೨೫

ಪ್ರೀತಿಯ ಯಜಮಾನರಿಗೆ,

ನಿಮ್ಮ ಮೇಘಶ್ರೀಯ ನಮಸ್ಕಾರ. ಆರೋಗ್ಯವಾಗಿದ್ದೀರಾ? ಕೆಮ್ಮು ಹೋಯಿತೇ? ಕಳಿಸಿದ ಕೊಬ್ಬರಿ ಮಿಠಾಯಿಯಲ್ಲಿ ನಿಮಗೂ ಒಂದು ತುಂಡು ಸಿಕ್ಕಿತೋ, ಇಲ್ಲ ಗಡಿ ಕಾಯುವ ನಿಮ್ಮ ಜೊತೆಗಾರರೇ ಮುಗಿಸಿದರೋ? ಫೋನ್ ಬಂದಾಗ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ, ನನ್ನ ಬಾಯಿಗೆ "ಚೆನ್ನಾಗಿದ್ದೀನಿ" ಬಿಟ್ಟು ಬೇರೇನೂ ಬರುವುದಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ಅಂಕುಡೊಂಕಾಗಿವೆ, ನಗಬೇಡಿ.

ನೀವು ರಜೆ ಮುಗಿಸಿ ಹೋದ ಮೇಲೆ ನನ್ನ ಬೆರಳುಗಳು ಊದಿಕೊಂಡವು. ಬೆಳಿಗ್ಗೆ ಮುಷ್ಟಿ ಕಟ್ಟಲಾಗದು, ಉಂಗುರ ಕಳಚದು, ಮುದ್ದೆ ತಿರುವಲು ಕೋಲು ಹಿಡಿದರೆ ಕಣ್ಣಲ್ಲಿ ನೀರು. ಮುಟ್ಟೂ ತಡವಾಗಿತ್ತು. ಇದನ್ನೆಲ್ಲ ನೋಡಿ ಅತ್ತೆ, "ಬಸುರಿ ಕಣೇ ನೀನು, ನಂಗೊತ್ತಾಗಲ್ವಾ? ನಿನ್ ಗಂಡ ಚೇತ ಹೊಟ್ಟೇಲಿದ್ದಾಗ ನಂಗೂ ಹಿಂಗೇ ಕೈ ಊದಿತ್ತು" ಎಂದು ಒಲೆ ಮುಂದಿನಿಂದ ಎಬ್ಬಿಸಿದರು. ಸುಳ್ಳೇಕೆ ಹೇಳಲಿ, ನನಗೂ ಆಸೆ ಹುಟ್ಟಿತು. ದಿನಾ ಎಳನೀರು, ಉಪಚಾರ. ಬಳೆ ಮಾರುವ ಕಾಂತಮ್ಮನನ್ನೂ ಕರೆಸಿದರು. ಹಸಿರು ಬಳೆ ಗೆಣ್ಣು ದಾಟಲಿಲ್ಲ. ನಾನು ನೋವಿಗೆ ಅತ್ತುಬಿಟ್ಟೆ, ಅತ್ತೆ ಸಂತೋಷಕ್ಕೆ ಎಂದುಕೊಂಡರು.

ಮೊನ್ನೆ ಒಬ್ಬಳೇ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ ಆಯಿತು. ಮಗುವಿಲ್ಲ. ಇದು ರುಮಟಾಯ್ಡ್ ಎನ್ನುವ ಕೀಲುವಾತವಂತೆ. ರೋಗ ಬರದಂತೆ ಮೈ ಕಾಯುವ ಬಿಳಿ ರಕ್ತಕಣಗಳು ಗುರುತು ತಪ್ಪಿ ನನ್ನ ಕೀಲುಗಳ ಒಳಪದರದ ಮೇಲೇ ಬಿದ್ದಿವೆಯಂತೆ. ಒಂದು ಬಗೆಯವು ಮತ್ತೊಂದು ಬಗೆಯವನ್ನು ಕರೆದು ತರುತ್ತವಂತೆ, ಎಲ್ಲ ಸೇರಿ ಬಾವು ಎಬ್ಬಿಸಿ, ಹಾಗೇ ಬಿಟ್ಟರೆ ಮೂಳೆಯನ್ನೂ ಸವೆಸುತ್ತವಂತೆ. ಕಾವಲಿನವರನ್ನು ಕಟ್ಟಿಕೊಂಡವಳಿಗೆ ಕಾವಲಿನವರಿಂದಲೇ ಕಾಟ, ನೋಡಿ! ಬಸ್ಸಿನಲ್ಲಿ ವಾಪಸ್ಸು ಬರುವಾಗ ಪಕ್ಕದ ಸೀಟು ಖಾಲಿಯಿತ್ತು. ನಿಮ್ಮ ನೆನಪು ಬಹಳ ಆಯಿತು.

ಡಾಕ್ಟರು ಏನಂದರು ಎಂದು ಅತ್ತೆ ಬಾಗಿಲಲ್ಲೇ ಕೇಳಿದರು. ಸುಸ್ತು ಅಷ್ಟೇ ಎಂದೆ. ಬಿಸಿ ಶಾವಿಗೆ ಪಾಯಸ ಬಡಿಸಿದರು. ಈ ಅಕ್ಕರೆಯೆಲ್ಲ ಇಲ್ಲದ ಮಗುವಿಗೆ ರೀ, ನನಗಲ್ಲ. ಜನ ತುಂಬಿದ ಮನೆಯಲ್ಲಿ ನಾನು ಒಬ್ಬಳೇ ಆಗಿದ್ದೇನೆ.

ಅತ್ತೆಯ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಮೇಘಶ್ರೀ

ಮತ್ತೆ, ಟಪಾಲಿಗೆ ಹಾಕುವ ಆತುರದಲ್ಲಿ: ಆ ರಕ್ತಕಣಗಳ ಅಬ್ಬರ ತಗ್ಗಿಸಲು ಡಾಕ್ಟರು ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದಿದ್ದಾರೆ. ಅದನ್ನು ನುಂಗುವಷ್ಟು ಕಾಲ ಬಸುರಾಗಕೂಡದಂತೆ. ಮಗು ಬೇಕೆಂದಾಗ ಅವರನ್ನು ಕೇಳಿ ಮೊದಲೇ ನಿಲ್ಲಿಸಬೇಕಂತೆ. ತಡ ಮಾಡಿದರೆ ಬೆರಳುಗಳು ಸರಿಹೋಗವು ಎಂದರು, ಈ ಭಾನುವಾರ ಶುರು ಮಾಡುತ್ತೇನೆ. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅವರಿಗೆ ನೀವೇ ಹೇಳಿ, ನನ್ನಿಂದ ಆಗದು. ಹೇಳಿ ಆದ ಮೇಲೆ ಫೋನನ್ನು ನನಗೆ ಕೊಡಿಸಿ, ಕೈ ಹೇಗಿದೆ ಎಂದು ಒಂದು ಮಾತು ಕೇಳಿ. ಇಲ್ಲಿ ಇದುವರೆಗೂ ಯಾರೂ ಕೇಳಿಲ್ಲ.