ಸಂಜೆ ಐದೂವರೆಗೆ ಭರತಿ

ಸದಲಗಾ
೨೨ ಜನವರಿ ೧೯೮೯, ರವಿವಾರ

ಹಾಲು ಡೇರಿಗೆ ಹೋಯಿತು. ಎಮ್ಮೆ ಇವತ್ತೂ ಒದೆಯಿತು. ಕಬ್ಬು ಕಡಿಯುವವರ ಪತ್ತೆ ಇಲ್ಲ — ಫ್ಯಾಕ್ಟರಿಯವರದು ಬರೀ ನಾಳೆ, ನಾಡಿದ್ದು. ಅತ್ತೆಗೆ ಚಹಾದಲ್ಲಿ ಸಕ್ಕರೆ ಕಡಿಮೆ, ನನಗೆ ತಾಳ್ಮೆ ಕಡಿಮೆ.

ಮೈದುನ ರಾವಸಾಹೇಬ ಹೊಳೆದಂಡೆಯಿಂದ ಓಡಿಬಂದ, ಮೈಯೆಲ್ಲ ಬೆವರು. ದೀಪಾವಳಿಯಿಂದ ಇದೇ ಹುಚ್ಚು, ಎದ್ದವನೇ ಓಡುವುದು. ಕೇಳಿದರೆ “ತಬ್ಬೇತಿಗಿ ಛಲೋ ವೈನಿ” ಅನ್ನುತ್ತಾನೆ. ಹೋರಿಯಂಥ ಮೈ. ಇನ್ನೆಷ್ಟು ಛಲೋ ಆಗಬೇಕೋ!

ರೊಟ್ಟಿ ತಿನ್ನುತ್ತ ಒಂದು ಮಾತು ಬಿಟ್ಟ. “ಎಲ್ಲಾರೂ ಕೂಡಿ ಒಂದ ಫೋಟೋ ತಗಸೂಣು ವೈನಿ. ಸಮುದ್ರದ ದಂಡಿಮ್ಯಾಲ. ಹೊತ್ತ ಮುಣಗೂ ಮುಂದ.”

ನಕ್ಕೆ. ಇರುವುದೇ ನಾಲ್ಕು ಜನ — ಅತ್ತೆ, ಇವರು, ನಾನು, ಇವರ ತಮ್ಮ ಇವನು. ಚಿಕ್ಕೋಡಿಯ ಅಪ್ಪಾಸಾಬನ ಸ್ಟುಡಿಯೋದಲ್ಲಿ ಪರದೆಯ ಮೇಲೆ ಸಮುದ್ರ ಇದೆಯಲ್ಲ, ಎರಡು ಹಂಸ ಸಮೇತ, ಎಂದೆ. “ಬರೆದ ಸಮುದ್ರ ಬ್ಯಾಡ, ಖರೇದ ಬೇಕು” ಅಂದ. ಹಟ ಹಿಡಿದರೆ ಮುಗಿಯಿತು. ನಾನೇ ಕಲಿಸಿದ ಹಟ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ನಾಲ್ಕು ವರ್ಷ, ನನ್ನ ಸೆರಗು ಬಿಡುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ನಿಂತ ಎರಡೂ ಉಳಿಯಲಿಲ್ಲ. ಮತ್ತೆ ದೇವರನ್ನು ಕೇಳಲೂ ಇಲ್ಲ. ಇವನಿದ್ದನಲ್ಲ.

೨೪ ಜನವರಿ

ಅತ್ತೆ ಕೆರಳಿದರು. “ಮನಿತನದ ಫೋಟೋ ಹೊತ್ತ ಮುಣಗೂ ಹೊತ್ತಿನ್ಯಾಗ? ಮನಿತನಾನ ಮುಣಗಿಸಾವ್ರ ಅದೀರೇನು? ದೀಪಾ ಹಚ್ಚೂ ಹೊತ್ತಿಗಿ ಹೆಣಮಕ್ಕಳು ನೀರದಂಡಿಗಿ ಹೋಗಿ ನಿಂದರತಾರ?”

“ಯವ್ವಾ, ಅಲ್ಲಿ ಹೊತ್ತ ಮುಣಗೂದಿಲ್ಲ. ಜಳಕಕ್ಕ ಇಳೀತೈತಿ” ಅಂದ ರಾವಸಾಹೇಬ.

ನಗು ತಡೆಯಲಾಗಲಿಲ್ಲ ಮುದುಕಿಗೆ. ಅವತ್ತು ನಮ್ಮ ಮನೆಯ ದೀಪ ಮಗ್ಗುಲ ಮನೆಯ ಸತ್ತೆವ್ವ ಹಚ್ಚುವುದಾದರೆ ಅತ್ತೆ ಬರುತ್ತಾರಂತೆ. ಇವರನ್ನು ಕೇಳಿದೆ. “ಹೂಂ.” ಅಷ್ಟೇ. ನನ್ನ ಹತ್ತಿರವಾದರೂ ನಾಲ್ಕು ಮಾತು ಆಡುತ್ತಾರೆ, ತಾಯಿಯ ಮುಂದೆ ಹೂಂ, ಊಹೂಂ ಬಿಟ್ಟು ಮೂರನೆಯದಿಲ್ಲ.

೨೯ ಜನವರಿ, ರವಿವಾರ

ಅಪ್ಪಾಸಾಬ ಬಂದಿದ್ದ. ಕಾಗದದ ಮೇಲೆ ಗೆರೆ ಎಳೆದು ಎಲ್ಲರ ಜಾಗ ಹೇಳಿದ. ಅತ್ತೆಗೆ ಸ್ಟುಡಿಯೋದ ಕೆತ್ತನೆ ಕುರ್ಚಿ, ಸಮುದ್ರದಂಡೆಯ ಊರು ಮಾಳವಣದವರೆಗೂ ಬಾಡಿಗೆಯ ಮಟಾಡೋರ ಗಾಡಿಯ ಮೇಲೆ ಕಟ್ಟಿಕೊಂಡು ಹೋಗುವುದಂತೆ. ಬಣ್ಣದ ರೋಲು. ಬೆಳಕು ಆರೂಕಾಲಿಗೆ ಸರಿಯಾಗಿರುತ್ತದಂತೆ.

“ನೀ ಸಮುದ್ರ ನೋಡೀಯೇನೋ?” ಎಂದೆ.

“ಹೊಳೀ ದಂಡಿ ಏನು, ಸಮುದ್ರದ ದಂಡಿ ಏನ್ರಿ ಅಕ್ಕಾರ? ನೀರಂದ್ರ ನೀರು.”

ಫೆಬ್ರವರಿ ಹನ್ನೆರಡು, ರವಿವಾರ, ಪಕ್ಕಾ. ಮಾಳವಣದ ಲಾಜಿನ ಮಾಲಕ ಅಪ್ಪಾಸಾಬನ ಪರಿಚಯದವನು. ಅವನಿಗೆ ರಾವಸಾಹೇಬ ಮರಾಠಿಯಲ್ಲಿ ಪತ್ರ ಬರೆದ. ನನಗೂ ಹುರುಪು ಬಂದಿದೆ, ಸುಳ್ಳೇಕೆ. ಹಸಿರು ಇಳಕಲ್ ಸೀರೆಯೋ, ಜಾಂಬಳಿ ಬಣ್ಣದ್ದೋ…

೨ ಫೆಬ್ರವರಿ, ಗುರುವಾರ. ಮಧ್ಯಾಹ್ನ

ಪೋಸ್ಟ್‌ಮನ್ ಕಾರ್ಡು ನನ್ನ ಕೈಗೆ ಕೊಟ್ಟ. ಮಾಳವಣದ್ದು, ರಾವಸಾಹೇಬನ ಹೆಸರಿಗೆ. ಎರಡೇ ಸಾಲು. “ರವಿವಾರೀ ಸಂಧ್ಯಾಕಾಳೀ ಸಾಡೇಪಾಚಲಾ ಭರತೀ ಆಹೇ. ತ್ಯಾಆಧೀ ಯಾ.”

ಮೂರು ಸಲ ಓದಿದೆ. ರವಿವಾರ ಸಂಜೆ ಐದೂವರೆಗೆ ಭರತಿ ಇದೆ, ಅದಕ್ಕೆ ಮೊದಲು ಬನ್ನಿ.

ನಮ್ಮ ಕಡೆ ಭರತಿ ಅಂದರೆ ಒಂದೇ — ಮಿಲಿಟರಿಗೆ ಹುಡುಗರನ್ನು ಸೇರಿಸಿಕೊಳ್ಳುವುದು. ಸಮುದ್ರದ ಬದಿ ಅಂದಮೇಲೆ ಹಡಗಿನ ಮಿಲಿಟರಿ. ಓಡುವುದು ಇದಕ್ಕೇ. ಸಮುದ್ರವೇ ಬೇಕು ಎಂದದ್ದು ಇದಕ್ಕೇ. ಫೋಟೋ ಬರೀ ನೆಪ!

ಸಂಜೆ

ಕಾರ್ಡು ಕೊಟ್ಟು ಮುಖ ನೋಡಿದೆ. ಓದಿದ. ಕಿವಿ ಕೆಂಪಾಯಿತು. ಕಿಸೆಗೆ ಹಾಕಿಕೊಂಡ. ನಾನು ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟರೆ?

೭ ಫೆಬ್ರವರಿ

ಐದು ದಿನ ಬರೆಯಲಿಲ್ಲ. ನಿನ್ನೆ ಪಲ್ಯಕ್ಕೆ ಎರಡು ಸಲ ಉಪ್ಪು, ಇವರು ಸುಮ್ಮನೆ ತಿಂದರು. ಇಂದು ಎಲ್ಲರೂ ಹೊಲಕ್ಕೆ ಹೋದಮೇಲೆ ಅವನ ಟ್ರಂಕು ತೆಗೆದೆ. ಶಾಲೆ ಬಿಟ್ಟ ಸರ್ಟಿಫಿಕೇಟು ಮೇಲೆಯೇ ಇತ್ತು. ಅದಿಲ್ಲದಿದ್ದರೆ ಭರತಿಯಲ್ಲಿ ಬಾಗಿಲ ಒಳಗೂ ಬಿಡುವುದಿಲ್ಲ, ನಮ್ಮೂರ ಮಲಕಾರಿಯ ದೊಡ್ಡ ಮಗ ಹೋದ ವರ್ಷ ಹಾಗೇ ತಿರುಗಿ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಪೀಪಾಯಿಯ ತಳಕ್ಕೆ ಹಾಕಿದೆ. ಮೊಣಕೈವರೆಗೂ ಜೋಳ.

ಕಳ್ಳತನವೇ. ಆಗಲಿ. ಮನೆಯಲ್ಲಿ ಇರುತ್ತಾನಲ್ಲ.

೧೩ ಫೆಬ್ರವರಿ, ಸೋಮವಾರ

ನಿನ್ನೆಯದು ಬರೆಯಬೇಕು. ಎಲ್ಲಿಂದ ಸುರುಮಾಡಲಿ?

ಫೋಂಡಾ ಘಾಟಿನಲ್ಲಿ ಪಂಕ್ಚರ್. ತಲುಪಿದಾಗ ಐದು. ಸಮುದ್ರ ಕಂಡದ್ದೇ ಅತ್ತೆ ಕೈ ಮುಗಿದರು. ಅಪ್ಪಾಸಾಬ ಬಾಯಿ ತೆರೆದು ನಿಂತುಬಿಟ್ಟ — ಪರದೆಯ ಮೇಲಿನದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆಮೇಲೆ ನೀರಿನಿಂದ ಹತ್ತು ಮಾರು ದೂರ, ಗಟ್ಟಿ ಉಸುಕು ನೋಡಿ ಕುರ್ಚಿ ಇಟ್ಟ. ಅತ್ತೆ ಕೂತರು. ಇವರು ಬಲಕ್ಕೆ, ನಾನು ಎಡಕ್ಕೆ, ರಾವಸಾಹೇಬ ಹಿಂದೆ. ಬೆಳಕಿಗೆ ಕಾಯುವುದು. ನನ್ನ ಕಣ್ಣು ಮಾತ್ರ ದಂಡೆಯ ಉದ್ದಕ್ಕೂ ತಿರುಗುತ್ತಿತ್ತು. ಪೋಲೀಸರಂಥವರು, ಮೇಜು ಹಾಕಿಕೊಂಡವರು, ಸಾಲು ನಿಂತ ಹುಡುಗರು… ಒಬ್ಬರೂ ಇಲ್ಲ. ಐದೂವರೆ ಆಯಿತು.

ನೀರು ಅತ್ತೆಯ ಕಾಲಿಗೆ ಬಂತು.

“ಯಾರೋ ಡ್ಯಾಮಿನ ನೀರ ಬಿಟ್ಟಾರೋ!” ಎಂದು ಅಪ್ಪಾಸಾಬ ಕೂಗಿದ. ನಮ್ಮ ಹೊಳೆ ದೂಧಗಂಗೆಯಲ್ಲಿ ಮೇಲಿನ ಅಣೆಕಟ್ಟಿನಿಂದ ಬಿಟ್ಟರೆ ತಾನೆ ನೀರು ಏರುವುದು. ಮುಂದಿನ ಅಲೆ ಮೊಣಕಾಲಿಗೆ. ಕುರ್ಚಿಯ ಕಾಲು ಉಸುಕಿನಲ್ಲಿ ಇಳಿಯಿತು, ಅತ್ತೆ ಓರೆಯಾದರು, ಇವರು ತಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡರು. ಅಪ್ಪಾಸಾಬ ಗಾಬರಿಯಲ್ಲೇ ಕ್ಲಿಕ್ ಕ್ಲಿಕ್ ಅನ್ನಿಸುತ್ತ ಹಿಂದೆ ಹಿಂದೆ ಸರಿದ.

ಲಾಜಿನ ಮಾಲಕ ಮೇಲೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದ. “ಕಾರ್ಡಾವರ ಲಿಹಿಲಂ ಹೋತಂ ನಾ! ಭರತೀ ಆಹೇ!” ಕಾರ್ಡಿನಲ್ಲಿ ಬರೆದಿದ್ದೆನಲ್ಲ ಅಂತ.

“ಕುಠೆ ಭರತೀ?” ಎಲ್ಲಿ ಎಂದು ಕೇಳಿದೆ. ಅವನು ನೀರಿಗೆ ಕೈ ತೋರಿಸಿದ.

ಸಮುದ್ರ ಏರುವುದಕ್ಕೆ ಅಲ್ಲಿಯವರು ಭರತಿ ಅನ್ನುತ್ತಾರಂತೆ. ದಿನಕ್ಕೆ ಎರಡು ಸಲವಂತೆ. ಹೊಳೆಯ ಜನಕ್ಕೆ ಇದೆಲ್ಲ ಯಾರು ಹೇಳಬೇಕು? ಅಲ್ಲೇ ಬಂಡೆಯ ಮೇಲೆ ಕೂತು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಹತ್ತು ದಿನದ ಭಾರ. ರಾವಸಾಹೇಬ ಪಕ್ಕದಲ್ಲಿ ಪ್ಯಾಂಟಿನ ತುದಿ ಹಿಂಡಿಕೊಳ್ಳುತ್ತಿದ್ದ. ಹೇಳಿಬಿಟ್ಟೆ — “ನೀ ಮಿಲಿಟರಿಗಿ ಓಡಿ ಹೊಕ್ಕಿ ಅಂತ ತಿಳದಿದ್ನೆಪಾ!”

ಅವನು ನಗಲಿಲ್ಲ.

“ನಾನೂ ಗಾಬರ್ಯಾಗಿದ್ನಿ ವೈನಿ. ಈ ಮಾಳವಣದಾಂವಗ ಹ್ಯಾಂಗ ಗೊತ್ತಾತು ಅಂತ.” ಮತ್ತೆ ಅಂದ, “ಭರತಿ ಇಪ್ಪತ್ತನೇ ತಾರೀಖಿಗೈತಿ. ಬೆಳಗಾಂವ್ದಾಗ. ಹೋಗೂಕಿಂತ ಮೊದಲ ಎಲ್ಲಾರ ಜೋಡಿ ಒಂದ ಫೋಟೋ ಇರಲಿ ಅಂತ… ಅಣ್ಣಗ ನೀನ ಹೇಳ.”

ಹೊತ್ತು ಆಗ ಮುಳುಗುತ್ತಿತ್ತು. ನೋಡಬೇಕೆಂದೇ ಅಷ್ಟು ದೂರ ಹೋದದ್ದು, ನೋಡಲೇ ಇಲ್ಲ.

೧೬ ಫೆಬ್ರವರಿ, ಗುರುವಾರ

ಹುಡುಕುತ್ತಿದ್ದಾನೆ. ಟ್ರಂಕು, ಕಪಾಟು, ಹಾಸಿಗೆಯ ಕೆಳಗೆ. ನಾನು ಅದೇ ಪೀಪಾಯಿಯಿಂದ ಜೋಳ ತೆಗೆದು ಬೀಸಲು ಕೊಟ್ಟೆ. ನನ್ನನ್ನು ನೋಡಿ ನನಗೇ ಹೆದರಿಕೆ.

ಇವರಿಗೆ ಭರತಿಯ ಸುದ್ದಿ ಹೇಳಿದೆ. ಊಟ ಅರ್ಧಕ್ಕೆ ಬಿಟ್ಟು ಎದ್ದರು. ಸೈಕಲ್ಲು ತೆಗೆದರು, ಎಲ್ಲಿಗೆ ಅಂತಲೂ ಹೇಳಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತಿದ್ದವರು ತಲೆ ಎತ್ತದೆ ಅಂದರು, “ಎಲ್ಲಿ ಇಟ್ಟೀಯ ಚಂದ್ರವ್ವಾ?”

ಕೈಯಲ್ಲಿದ್ದ ಮೊರ ಕೆಳಗಿಟ್ಟೆ.

“ಆ ಯುದ್ಧದ ವರ್ಷ ನಿನ್ನ ಗಂಡ ಧರೆಪ್ಪನೂ ಭರತಿಗಿ ಹೊಂಟಿದ್ದ. ಬಸ್ಸಿನ್ಯಾಗ ಕುಂತಾಂವನ್ನ ಅಂಗಿ ಹಿಡದ ಎಳಕೊಂಡ ಬಂದ್ನಿ. ಊರ ಮಂದಿ ಮುಂದ. ಅವತ್ತಿಂದ ಹೂಂ ಅಂತಾನ, ಊಹೂಂ ಅಂತಾನ. ಮಗಾ ಉಳದಾ, ಮಾತ ಹ್ವಾತು.”

ಹದಿನೇಳು ವರ್ಷ. ನಾನು ಸೊಸೆಯಾಗಿ ಬರುವುದಕ್ಕೂ ಮೊದಲಿನದು. ಇವರ ಸ್ವಭಾವವೇ ಹೀಗೆ ಎಂದುಕೊಂಡಿದ್ದೆ. ಅತ್ತೆ ಮತ್ತೆ ಹತ್ತಿ ಬಿಡಿಸತೊಡಗಿದರು.

ಸಂಜೆ ಇವರು ಚಿಕ್ಕೋಡಿಯಿಂದ ಬಂದರು. ಕೈಯಲ್ಲಿ ಹೊಸ ಕ್ಯಾನ್ವಾಸ್ ಬೂಟು. ತಮ್ಮನ ಮುಂದಿಟ್ಟು ಎಮ್ಮೆಗೆ ಮೇವು ಹಾಕಲು ಹೋದರು.

೧೮ ಫೆಬ್ರವರಿ

ಕೊಟ್ಟೆ. ಜೋಳದ ಹುಡಿ ಒರೆಸಿ.

“ನಾ ಮುಚ್ಚಿಟ್ಟಿದ್ನಿ” ಎಂದೆ. ಸಿಕ್ಕಿತು ಅನ್ನಬಹುದಿತ್ತು, ಬಾಯಿ ಬರಲಿಲ್ಲ.

“ಗೊತ್ತಿತ್ತ ವೈನಿ. ನಾಕ ದಿನಾ ಆತು, ನನ್ನ ಮಾರಿ ನೋಡಿಲ್ಲ ನೀ.”

ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾನೆ. ಶೇಂಗಾ ಹೋಳಿಗೆ ಮಾಡಬೇಕು. ಬೆಲ್ಲ ಕುಟ್ಟಿಲ್ಲ ಇನ್ನೂ.

೨೦ ಫೆಬ್ರವರಿ, ಸೋಮವಾರ. ೧-೪೦

ಅಪ್ಪಾಸಾಬ ಭರತಿಯ ಹುಡುಗರಿಗೆ ಸಣ್ಣ ಫೋಟೋ ತೆಗೆದು ತೆಗೆದು ಎಲ್ಲ ಬಲ್ಲವನು. ಓಟದಲ್ಲಿ ಸೋತವರನ್ನು ಬೆಳಿಗ್ಗೆಯೇ ಹೊರಗೆ ಕಳಿಸುತ್ತಾರಂತೆ, ಅವರು ಮೂರಕ್ಕೆ ಊರು ಮುಟ್ಟುವ ಬಸ್ಸಿಗೆ ಬರುತ್ತಾರೆ. ಗೆದ್ದವರನ್ನು ಡಾಕ್ಟರು ನೋಡಬೇಕು, ಅವರು ಅಲ್ಲೇ ಉಳಿಯುತ್ತಾರೆ.

ಬೆಳಿಗ್ಗೆಯಿಂದ ಗೆಲ್ಲಲಿ ಅಂತ ಒಮ್ಮೆ, ಸೋಲಲಿ ಅಂತ ಒಮ್ಮೆ ಬೇಡಿಕೊಂಡಿದ್ದೇನೆ. ದೇವರಿಗೂ ಸಾಕಾಗಿರಬೇಕು.

೩-೧೦

ಬಸ್ಸು ನಿಲ್ಲುವ ಜಾಗದ ಎದುರಿಗೇ, ಮನೆಯ ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಬಸ್ಸು ಬಂತು. ಮೊದಲು ಒಬ್ಬ ಮುದುಕಿ, ಬುಟ್ಟಿ. ಆಮೇಲೆ ಮಾಸ್ತರರು. ಆಮೇಲೆ ಮಲಕಾರಿಯ ಸಣ್ಣ ಮಗ, ಬ್ಯಾಗು ಹೆಗಲಿಗೆ, ತಲೆ ಕೆಳಗೆ. ಅವನ ಹಿಂದೆ ಇನ್ನೊಬ್ಬ ಹುಡುಗ. ಎದ್ದು ನಿಂತೆ. ನಮ್ಮವನಲ್ಲ.

ಬಸ್ಸು ಹೋಯಿತು.

“ಚಂದ್ರವ್ವಾ, ಬಂದನೇನ?” ಒಳಗಿನಿಂದ ಅತ್ತೆ. ಇವರು ಗೋದಲಿಯ ಹತ್ತಿರ ಮೇವು ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಬರಲಿಲ್ಲ ಅನ್ನಬೇಕು. ನಗುತ್ತ ಅನ್ನಬೇಕು. ಬರಲಿಲ್ಲರೀ ಅತ್ತಿ, ಬರಲಿ…