ಕಾರಿನೊಂದಿಗೇ ಹುಟ್ಟಿದ ಎಂಜಿನ್ನಿಗೆ ಪಾವತಿ ಕೇಳುವವರಿಗೆ

ಸಾರಿಗೆ ಕಚೇರಿಯ ಮಾನ್ಯ ಅಧಿಕಾರಿಗಳೇ,

ತಾವು ಕೇಳಿದ ಖರೀದಿ ಪಾವತಿ, ಅಂದರೆ ಅಂಗಡಿಯ ರಸೀದಿ, ನನ್ನ ಬಳಿ ಇಲ್ಲ. ಯಾರ ಬಳಿಯೂ ಇರಲು ಸಾಧ್ಯವಿಲ್ಲ. ೧೯೫೬ರಲ್ಲಿ ವಿಲಾಯತಿನ ಕಾರ್ಖಾನೆಯಲ್ಲಿ ಕಾರಿನೊಂದಿಗೇ ಹುಟ್ಟಿದ ಎಂಜಿನ್ನನ್ನು ಯಾವ ಅಂಗಡಿಯಲ್ಲಿ ಕೊಂಡಿರಿ ಎಂದು ಐದು ತಿಂಗಳಿಂದ ಕೇಳುತ್ತಿದ್ದೀರಿ. ಹೆತ್ತವಳ ಹತ್ತಿರ ಕೂಸಿನ ಖರೀದಿ ಪಾವತಿ ಕೇಳುವ ಕಚೇರಿಯೂ ಇದ್ದೀತು, ನಾನಿನ್ನೂ ಕಂಡಿಲ್ಲ.

ಮೊದಲ ತಪ್ಪು ನನ್ನದು, ಮುಚ್ಚಿಡುವುದಿಲ್ಲ. ಬೈಲಹೊಂಗಲದಲ್ಲಿ ಗ್ಯಾರೇಜು ಇಟ್ಟುಕೊಂಡ ಮೇಸ್ತ್ರಿ ನಾನು. ಹತ್ತಿ ವ್ಯಾಪಾರಿ ಗೌರೀಶ ಸಾವಕಾರರ ಬಳಿ ಅವರ ತಂದೆಯ ಕಾಲದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿತ್ತು. ೧೯೯೩ರ ಸುಮಾರಿಗೆ ನಮ್ಮ ಕಡೆ ಒಂದು ಹುಚ್ಚು ಹತ್ತಿತು: ಪೆಟ್ರೋಲು ತುಟ್ಟಿ, ಆದ್ದರಿಂದ ಕಂಡ ಕಂಡ ಕಾರಿಗೆಲ್ಲ ಡೀಸೆಲ್ ಎಂಜಿನ್ ಕೂರಿಸುವುದು. ಸಾವಕಾರರು ಹಿಂಜರಿದರು, ನಾನೇ ಪುಸಲಾಯಿಸಿದೆ. ಸವದತ್ತಿಯ ಗುಜರಿಯಿಂದ ಟ್ಯಾಕ್ಸಿಯೊಂದರ ಎಂಜಿನ್ ತಂದು, ಬಾನೆಟ್ಟಿಗೆ ಗರಗಸ ತಾಗಿಸದೆ ಕೂರಿಸಿದೆ. ಊರು ಶಹಬ್ಬಾಸ್ ಎಂದಿತು, ನಾನೂ ಉಬ್ಬಿದೆ. ಯಲ್ಲಮ್ಮನ ಗುಡ್ಡವನ್ನು ಒಂದೇ ಉಸಿರಿಗೆ ಏರುತ್ತಿದ್ದ ಕಾರು ಆಮೇಲೆ ಟೆಂಪೋದ ಹಾಗೆ ನಡುಗುತ್ತ ಏರಿತು. ತಮ್ಮ ಕಚೇರಿಯಂತೂ ಒಂದೇ ದಿನದಲ್ಲಿ ಆರ್.ಸಿ. ಬುಕ್ಕಿನ ಹಳೆಯ ನಂಬರಿಗೆ ಕೆಂಪು ಗೆರೆ ಹೊಡೆದು ಹೊಸದನ್ನು ಬರೆದುಕೊಟ್ಟಿತು. ಕೆಡಿಸಲು ಆಗ ಯಾವ ಪುರಾವೆಯೂ ಬೇಕಾಗಿರಲಿಲ್ಲ.

ಈಗ ಸಾವಕಾರರಿಲ್ಲ, ವ್ಯಾಪಾರವೂ ಉಳಿದಿಲ್ಲ. ಅವರ ಪತ್ನಿ ಅನ್ನಪೂರ್ಣಕ್ಕ ಇಪ್ಪತ್ತಾರು ವರ್ಷದಿಂದ ಬಾಡಿಗೆಗಿರುವ ಮನೆ ಮಾರಾಟಕ್ಕೆ ಬಂದಿದೆ. ದೀಪಾವಳಿಯೊಳಗೆ ಅವರೇ ಕೊಳ್ಳಬೇಕು, ಇಲ್ಲವೇ ಬಿಡಬೇಕು. ಇರುವ ಆಸ್ತಿ ಈ ಕಾರೊಂದೇ. ಹಳೆಯ ಕಾರು ಸಂಗ್ರಹಿಸುವ ಕೊಲ್ಲಾಪುರದ ಗೃಹಸ್ಥರೊಬ್ಬರು ಬಂದರು, ಬಾನೆಟ್ ತೆರೆದರು, ಮುಖ ತಿರುಗಿಸಿದರು. ಕಾರ್ಖಾನೆಯವರು ಕಾರಿನ ಮೈಗೆ ಜಡಿದ ತಗಡಿನಲ್ಲಿ ಒಂದು ಎಂಜಿನ್ ನಂಬರಿದೆ. ಅದೇ ನಂಬರು ಎಂಜಿನ್ನಿನ ಮೇಲೂ ಬುಕ್ಕಿನಲ್ಲೂ ಇದ್ದರೆ ನಾಲ್ಕು ಲಕ್ಷ, ಇಲ್ಲದಿದ್ದರೆ ನಲವತ್ತು ಸಾವಿರ ಎಂದರು. ಪಾನಾ ತಿರುವಿ ಎಂಜಿನ್ ಬಿಚ್ಚಿದವನು ನಾನು, ಮನೆ ಕಳೆದುಕೊಳ್ಳುವವರು ಅವರು.

ಬಿಚ್ಚಿದ ಎಂಜಿನ್ನನ್ನು ಅಂದು ನೇಸರಗಿಯ ಸತ್ಯಪ್ಪ ಶೇಂಗಾ ಒಡೆಯುವ ಯಂತ್ರಕ್ಕೆಂದು ಒಯ್ದಿದ್ದ. ಸೀಮೆಎಣ್ಣೆ ಅದಕ್ಕೆ ಒಗ್ಗಲಿಲ್ಲ. ಬಾಗಿಲ ಬದಿ ಇಟ್ಟ. ಅವನ ಹೆಂಡತಿ ಲಗಮವ್ವ ಹತ್ತು ವರ್ಷ, ಪ್ರತಿ ಖಂಡೇನವಮಿಗೆ ಅದಕ್ಕೆ ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಾಳೆ. ನಾನು ಅವರ ಮನೆಗೆ ಹೋಗಿ, ಅದನ್ನು ವಾಪಸು ಕೊಡಿರೆಂದು ನಾಚಿಕೊಂಡೇ ಕೇಳಿದೆ.

"ಪೂಜಿ ಮಾಡಿದ್ದನ್ನ ಗುಜರಿಗೆ ಹಾಕಬ್ಯಾಡ್ರಿ. ಅದರ ಗಾಡಿಗೇ ಹಾಕತೀರಂದ್ರ ಒಯ್ರಿ," ಎಂದಳು. ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ.

ಹತ್ತು ವರ್ಷದ ವಿಭೂತಿ ಒರೆಸಿದಾಗ ಕೆಳಗೆ ನಂಬರು, ತಗಡಿನಲ್ಲಿದ್ದದ್ದೇ, ಒಂದಂಕಿಯೂ ಮಾಸಿರಲಿಲ್ಲ. ನಾನು ಗ್ಯಾರೇಜಿನಲ್ಲಿ ಕುಳಿತು ಅತ್ತುಬಿಟ್ಟೆ ಸ್ವಾಮಿ, ಹೇಳಲು ನಾಚಿಕೆಯಿಲ್ಲ. ಎರಡು ತಿಂಗಳು ದುಡಿದು ಅದನ್ನು ಅದರ ಜಾಗಕ್ಕೇ ಕೂರಿಸಿದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ. ಬುಕ್ಕಿನಲ್ಲಿ ನಂಬರು ತಿದ್ದಿಸಲು ತಮ್ಮಲ್ಲಿಗೆ ಬಂದೆ. ತಮ್ಮ ಇನ್‌ಸ್ಪೆಕ್ಟರರು ಬುಕ್ಕು ನೋಡಿದರು, ಎಂಜಿನ್ ನೋಡಲಿಲ್ಲ. "ಬುಕ್ಕಿನಾಗ ಇಲ್ಲದ ಎಂಜಿನ್ ಕಳುವಿಂದು ಅಂತ ತಿಳೀತೇವ್ರಿ, ಕೊಂಡ ಪಾವತಿ ತರ್ರಿ," ಎಂದರು. ಕೆಂಪು ಗೆರೆಯ ಕೆಳಗೆ ಅದೇ ನಂಬರು ಕಾಣುತ್ತಿದೆಯಲ್ಲ ಎಂದು ಬೆರಳಿಟ್ಟು ತೋರಿಸಿದೆ. ಗೆರೆ ಹೊಡೆದದ್ದನ್ನು ಓದುವಂತಿಲ್ಲವಂತೆ. ಹಳೆಯ ರಜಿಸ್ಟರನ್ನು ಗೆದ್ದಲು ತಿಂದಿದೆಯಂತೆ. ಹಾಗಾದರೆ ನಾನು ಗುಜರಿಯಿಂದ ತಂದದ್ದು ಅಸಲಿ, ಕಾರ್ಖಾನೆ ಕೂರಿಸಿದ್ದು ಕಳ್ಳಮಾಲು, ಅಲ್ಲವೇ? ಬುಕ್ಕಿನಂತೆ ಎಂಜಿನ್ ಇರದಿದ್ದರೆ ಗಾಡಿ ಜಪ್ತಿ ಎಂದು ನೋಟೀಸೂ ಬಂತು.

ನಿನ್ನೆ ಅನ್ನಪೂರ್ಣಕ್ಕ ಗ್ಯಾರೇಜಿಗೆ ಬಂದಿದ್ದರು. ಕಾರಿನ ಮೇಲೆ ಕೈಯಿಟ್ಟರು.

"ಸೋಮಪ್ಪಣ್ಣ, ಓಡ್ಯಾಡಿ ಸಾಕಾತ್ರಿ. ಡೀಸೆಲ್ಲಿಂದನ ಹೊಳ್ಳಿ ಹಾಕಿಬಿಡ್ರಿ. ಜಪ್ತಿ ಆಗೂದಕ್ಕಿಂತ ನಲವತ್ತು ಸಾವಿರಾನರ ಬರಲಿ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಬರುವ ಸೋಮವಾರ ಮುಂಜಾನೆ ಹತ್ತಕ್ಕೆ ನಾನು ಆ ಎಂಜಿನ್ನನ್ನು ಮತ್ತೆ ಬಿಚ್ಚಬೇಕಾಗಿದೆ. ಅದಕ್ಕೆ ಮೊದಲು ಓದು ಬರುವ ಒಬ್ಬರನ್ನು ಕಳಿಸಿ. ತಗಡಿನ ನಂಬರು ಓದಲಿ, ಎಂಜಿನ್ನಿನ ನಂಬರು ಓದಲಿ, ಕಂಡದ್ದನ್ನು ಬುಕ್ಕಿನಲ್ಲಿ ಬರೆಯಲಿ. ಬರುವವರು ತಡವಾದರೂ ಹತ್ತೂವರೆಯವರೆಗೆ ಕಾಯುತ್ತೇನೆ.

ಇಂತಿ,
ಅಂದು ಶಹಬ್ಬಾಸ್‌ಗಿರಿಗಾಗಿ ಮಾಡಿದ ತಪ್ಪನ್ನು ಇಂದು ಕಾಯದೆಗಾಗಿ ಮತ್ತೆ ಮಾಡಲು ಪಾನಾ ಹಿಡಿದು ನಿಂತ
ಸೋಮಪ್ಪ ಮೇಸ್ತ್ರಿ
ಬೈಲಹೊಂಗಲ, ಅಕ್ಟೋಬರ್ ೨೦೦೩