ಮೀನಿಂಗ್ ಮಾಸ್ಟ್ರ ಹೆಂಡತಿ

ಕುಲಶೇಖರ, ಮಂಗಳೂರು
ಫೆಬ್ರವರಿ ೧೨, ಬುಧವಾರ

ನನ್ನ ಅಕ್ಷಿತಾ,

ಮಸ್ಕತ್ತಿನಲ್ಲಿ ನೀನೂ ಅಳಿಯ ಕಮಲೇಶನೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯಲು ಕೂತಿದ್ದೇನೆ. ದಿನಾ ಫೋನಿನಲ್ಲಿ ಸಿಗುವ ಅಮ್ಮ ಕಾಗದ ಯಾಕೆ ಬರೆದಳು ಎಂದು ನಿನಗೆ ನಗು ಬಂದೀತು. ಫೋನಿನಲ್ಲಿ ನಾನು ಆಡುವ ಮಾತೆಲ್ಲ ಅಪ್ಪನ ಮಂಚಕ್ಕೆ ಕೇಳುತ್ತದೆ. ಅವರ ನಾಲಿಗೆ ಬಿದ್ದಿದೆಯೇ ಹೊರತು ಕಿವಿಗೇನೂ ಆಗಿಲ್ಲ. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ. ಪಕ್ಕದ ಮನೆ ಗ್ಲ್ಯಾಡಿಸ್ ಟೀಚರ ಮಗಳು ಎಸ್ತೆರ್ ಶುಕ್ರವಾರ ಅಲ್ಲಿಗೆ ಹೊರಡುತ್ತಾಳೆ. ನಿನಗೆಂದು ಹುರಿದಿಟ್ಟ ಒಣ ಸಿಗಡಿಯ ಪೊಟ್ಟಣದ ಜೊತೆ ಇದನ್ನೂ ಅವಳ ಕೈಗೆ ಕೊಡುತ್ತೇನೆ. ಓದುವಾಗ ಒಬ್ಬಳೇ ಇರು.

ದೀಪಾವಳಿ ಕಳೆದು ಅಪ್ಪ ಲಕ್ವ ಹೊಡೆದು ಬಚ್ಚಲಲ್ಲಿ ಬಿದ್ದಾಗ ನೀನು ಬಂದು ನೋಡಿ ಹೋದೆ. ಆಗ ಅವರ ಬಾಯಿಂದ ಸ್ವರವೇ ಹೊರಡುತ್ತಿರಲಿಲ್ಲ. ನೀನು ಹೋದ ಮೇಲೆ ಒಂದೊಂದೇ ಶಬ್ದ ಬರತೊಡಗಿತು, ಅದೂ ಬರೀ ಇಂಗ್ಲಿಷ್. ತುಳುವೂ ಇಲ್ಲ, ಕನ್ನಡವೂ ಇಲ್ಲ. ಕೆಲವರಿಗೆ ಹೀಗೂ ಆಗುವುದುಂಟು ಎಂದು ಬಲ್ಮಠದ ಡಾಕ್ಟರು ಸಮಾಧಾನ ಹೇಳಿದರು. ಮಾತು ಬಂತಲ್ಲ ಎಂದು ನೀನು ಫೋನಿನಲ್ಲಿ ಖುಷಿಪಟ್ಟೆ. ನನಗೆ ಸಿಟ್ಟು ಬಂತು ಮಗಾ. ಜೀವಮಾನವಿಡೀ ನನ್ನ ಜೊತೆ ಆಡಿದ ಭಾಷೆಯನ್ನು ಬಿಟ್ಟುಕೊಟ್ಟು ಶಾಲೆಯ ಭಾಷೆಯನ್ನು ಇಟ್ಟುಕೊಂಡರಲ್ಲ ಎಂದು ಅಡುಗೆಮನೆಯಲ್ಲಿ ಕೂತು ಅತ್ತಿದ್ದೇನೆ. ಕಾಯಿಲೆಯವರ ಮೇಲೆ ಮತ್ಸರ ಪಡುವ ಹೆಂಗಸು ಎಲ್ಲಾದರೂ ಇದ್ದಾಳಾ?

ಹಾಗೆ ನೋಡಿದರೆ ನಮ್ಮಿಬ್ಬರ ತುಳುವಿನಲ್ಲಿ ಅರ್ಧ ಊಟದ ಜಗಳವೇ. ನನ್ನ ಬಡಿಸುವ ಚಾಳಿ ನಿನಗೆ ಗೊತ್ತುಂಟು. ಅವರು ‘ಯಾವು, ಯಾವು’ ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುವುದು, ನಾನು ಆ ಕೈಯ ಸಂದಿಯಿಂದಲೇ ಇನ್ನೊಂದು ಸೌಟು ಸುರಿಯುವುದು. ‘ಯಾವು’, ಸಾಕು ಎಂದವರಿಗೆ ಒಂದು ಸೌಟು ಹೆಚ್ಚು ಬಡಿಸದಿದ್ದರೆ ಅದು ಊಟವೇ ಅಲ್ಲ ಎಂದು ನನ್ನ ಅತ್ತೆ ಕಲಿಸಿದ್ದು. ಮದುವೆಯಾದಂದಿನಿಂದ ಆ ‘ಯಾವು’ವಿಗೆ ನಾನು ಬೆಲೆ ಕೊಟ್ಟವಳಲ್ಲ.

ಅಪ್ಪನ ಹಳೆಯ ಡಿಕ್ಷನರಿ ನೆನಪುಂಟಾ, ಬೆನ್ನಿಗೆ ಲುಂಗಿಯ ಬಟ್ಟೆ ಅಂಟಿಸಿದ್ದು? ದೋಣಿಯ ಮನೆಯ ಹುಡುಗ ಇಂಗ್ಲಿಷ್ ಮೇಷ್ಟ್ರಾದಾಗ, ಮೀನು ಹಿಡಿಯಲು ಬಾರದವ ಮೀನಿಂಗ್ ಹಿಡಿಯಲು ಹೋದ ಎಂದು ಬೆಂಗ್ರೆಯ ನೆಂಟರು ತಮಾಷೆ ಮಾಡುತ್ತಿದ್ದರು. ಶಾಲೆಯಲ್ಲೂ ಕೊನೆಯವರೆಗೆ ಮೀನಿಂಗ್ ಮಾಸ್ಟ್ರು ಎಂದೇ ಹೆಸರು. ಒಂದು ಶಬ್ದ ಹಿಡಿದರೆ ಡಿಕ್ಷನರಿಯಲ್ಲಿ ಇದ್ದಷ್ಟೂ ಅರ್ಥಗಳನ್ನು ಮಕ್ಕಳು ನಿಂತುಕೊಂಡು ಗಟ್ಟಿಯಾಗಿ ಓದಬೇಕಿತ್ತು. ಈಗ ಆ ಕ್ಲಾಸಿಗೆ ನಾನೊಬ್ಬಳೇ ವಿದ್ಯಾರ್ಥಿ. ಏಳನೇ ಕ್ಲಾಸಿನ ಎಬಿಸಿಡಿ ಈ ಮುದಿಪ್ರಾಯದಲ್ಲಿ ಕೆಲಸಕ್ಕೆ ಬಂತು.

ಅವರು ‘ಟೆಪಿಡ್’ ಎಂದರು. ತಡಕಾಡಿ ತೆಗೆದರೆ ‘ಉಗುರು ಬೆಚ್ಚಗಿನ’ ಎಂದಿತ್ತು. ಮೈ ಒರೆಸುವ ನೀರು ಸುಡುತ್ತಿತ್ತಂತೆ. ಇನ್ನೊಂದು ದಿನ ‘ವೆಂಟಿಲೇಟ್’ ಎಂದರು. ‘ವಾಯುಸಂಚಾರಕ್ಕೆ ಎಡೆಮಾಡು’ ಎಂದು ಓದಿದೆ. ಕಿಟಕಿ ತೆಗಿ ಎನ್ನುವುದಕ್ಕೆ ಇಷ್ಟೆಲ್ಲ ಬೇಕಾ ಎಂದು ಬೈದೆ. ಅವರ ಬಾಯಿಯ ಒಂದು ಬದಿ ನಕ್ಕಿತು. ಇವನ್ನೆಲ್ಲ ನಿನಗೆ ಫೋನಿನಲ್ಲಿ ಹೇಳಿದ್ದೇನೆ. ನೀನೂ ನಕ್ಕಿದ್ದೆ. ಹೇಳದೇ ಇಟ್ಟುಕೊಂಡದ್ದು ಒಂದು ಉಂಟು.

ಸಂಕ್ರಾಂತಿ ಕಳೆದು ಮೊದಲ ಸಲ ಕೆಮ್ಮು ಹತ್ತಿ ಜ್ವರ ಬಂತಲ್ಲ, ಅದು ಇಳಿದ ದಿನ. ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದೆ. ಅವರು ‘ಸೀಸ್’ ಎಂದರು. ನಾನು ಎಸ್ ಅಕ್ಷರದಲ್ಲಿ ಹುಡುಕಿದೆ. ಅವರಿಗೆ ಕೋಪ ಬಂದು ಹೊದಿಕೆಯ ಮೇಲೆ ಎಡಗೈ ಬೆರಳಿನಿಂದ ಸಿ ಎಂದು ಬರೆದು ತೋರಿಸಿದರು. ದಡ್ಡ ಮಕ್ಕಳನ್ನು ನೋಡುವ ಅದೇ ನೋಟ. ಸಿಕ್ಕಿತು. ಪದ್ಧತಿಯಂತೆ ಗಟ್ಟಿಯಾಗಿ ಓದಿದೆ: ನಿಲ್ಲಿಸು, ಬಿಟ್ಟುಬಿಡು, ಕೊನೆಗೊಳಿಸು. ಅವರು ಬಟ್ಟಲನ್ನು ತೋರಿಸಿದರು. ಆಮೇಲೆ ಅದೇ ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದರು.

ಅರ್ಥವಾಗದೇ ಇರಲು ನಾನೇನು ಕಲ್ಲಾ? ಆದರೂ ಹೇಳಿಬಿಟ್ಟೆ: “ಇದೆಂತದ್ದೋ ನನಗೆ ಗೊತ್ತಾಗುವುದಿಲ್ಲ. ಗಂಜಿ ತಣಿತದೆ, ಬಾಯಿ ತೆಗೀರಿ.”

ಅವರು ಬಾಯಿ ತೆರೆದರು. ನನಗಾಗಿ ತೆರೆದರು ಎಂದು ನನಗೆ ಗೊತ್ತು. ಡಿಕ್ಷನರಿಯನ್ನು ಅಂದೇ ಕಪಾಟಿನ ಮೇಲೆ, ಅವರ ಕಣ್ಣಿಗೆ ಬೀಳದ ಹಾಗೆ ಇಟ್ಟೆ. ಗಂಜಿಯ ಹೊತ್ತಿಗೆ ಈಗಲೂ ಅದೇ ಶಬ್ದ ಹೇಳುತ್ತಾರೆ. ನಾನು ಕೇಳದವಳ ಹಾಗೆ ನಿನ್ನ ಸುದ್ದಿ, ಕದ್ರಿ ಜಾತ್ರೆಯ ಸುದ್ದಿ, ಮೀನಿನ ರೇಟು ಎಂದು ಏನಾದರೂ ಹೇಳುತ್ತಾ ಚಮಚ ಹಿಡಿಯುತ್ತೇನೆ. ಇಂಗ್ಲಿಷ್ ಬಾರದವಳು ಎಂದು ಎಷ್ಟೋ ಕಡೆ ತಲೆ ತಗ್ಗಿಸಿದ್ದೇನೆ. ಈಗ ಅದೇ ನನಗೆ ಆಸರೆಯಾಗಿದೆ.

ಇನ್ನು ನಿನ್ನ ಪ್ರಶ್ನೆ. ನುಂಗಿದ್ದೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತಿದೆ, ಹೊಟ್ಟೆಗೆ ನೇರ ಟ್ಯೂಬು ಹಾಕಿಸಬೇಕು ಎಂದು ಡಾಕ್ಟರ ಹತ್ತಿರ ಮಾತಾಡಿ ಸೋಮವಾರಕ್ಕೆ ಗೊತ್ತುಮಾಡಿದ್ದೀ. ಹಾಕಿಸಿದರೆ ವರ್ಷಗಟ್ಟಲೆ ಇರಬಹುದಂತೆ, ಹಾಕಿಸದಿದ್ದರೆ ಹೆಚ್ಚು ದಿನ ಇಲ್ಲವಂತೆ. ಅಪ್ಪನಿಗೆ ಮನಸ್ಸು ಉಂಟಾ, ಎಂತಾದರೂ ಹೇಳಿದರಾ ಎಂದು ನಿನ್ನೆ ನೀನು ಕೇಳಿದೆ. ಎಂತದೂ ಹೇಳಲಿಲ್ಲ ಎಂದೆ. ಅವರು ಮಂಚದಿಂದ ನನ್ನನ್ನು ನೋಡುತ್ತಿದ್ದರು.

ಈ ಸತ್ಯವನ್ನು ಒಬ್ಬಳೇ ಹೊತ್ತುಕೊಳ್ಳಲು ಆಗುವುದಿಲ್ಲ, ಅದಕ್ಕೆ ನಿನಗೆ ಬರೆದೆ. ಆದರೆ ಅಕ್ಷಿತಾ, ಟ್ಯೂಬು ಹಾಕಿಸು. ಡಾಕ್ಟರಿಗೆ ಇದನ್ನೆಲ್ಲ ಹೇಳಬೇಡ. ನನಗೆ ಅವರು ಬೇಕು. ಮಾತಾಡದಿದ್ದರೂ ಬೇಕು, ಕೋಪ ಮಾಡಿಕೊಂಡು ಗೋಡೆಗೆ ಮುಖ ತಿರುಗಿಸಿದರೂ ಬೇಕು. ಅವರಿಲ್ಲದಿದ್ದರೆ ಬೆಳಿಗ್ಗೆ ಎದ್ದು ಯಾರಿಗೆ ಗಂಜಿ ಬೆಚ್ಚಗೆ ಮಾಡಿಕೊಡಲಿ ಎಂದು ನನಗೆ ತಿಳಿಯುವುದಿಲ್ಲ. ನಾಳೆ ಯಾರಾದರೂ ಕೇಳಿದರೆ, ಮುದುಕಿಗೆ ಇಂಗ್ಲಿಷ್ ಗೊತ್ತಾಗಲಿಲ್ಲ ಎಂದರೆ ಮುಗಿಯಿತು. ದೇವರೂ ಅಷ್ಟನ್ನು ನಂಬುತ್ತಾನೆ ಎಂದುಕೊಂಡಿದ್ದೇನೆ.

ಕಮಲೇಶನಿಗೆ ಈ ಕಾಗದ ತೋರಿಸಬೇಡ. ಸಿಗಡಿಯನ್ನು ಡಬ್ಬಿಗೆ ಹಾಕಿಡು, ಗಾಳಿ ತಾಗಿದರೆ ಮೆತ್ತಗಾಗುತ್ತದೆ.

ನಿನ್ನನ್ನೇ ನಂಬಿ ಕೂತಿರುವ
ಅಮ್ಮ, ಲಕ್ಷ್ಮೀ

ತಾ.ಕ.: ಗುರುವಾರ ಬೆಳಿಗ್ಗೆ. ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿದೆ. ಈಗಷ್ಟೇ ಅವರಿಗೆ ಗಂಜಿಯ ತಿಳಿ ಕುಡಿಸುತ್ತಿದ್ದೆ. ಅವರು ಎಡಗೈಯನ್ನು ಕಷ್ಟಪಟ್ಟು ಎತ್ತಿ ಬಟ್ಟಲಿಗೆ ಅಡ್ಡ ಹಿಡಿದರು. “ಯಾವು, ಲಕ್ಷ್ಮೀ” ಎಂದರು. ದೀಪಾವಳಿಯಿಂದ ಈಚೆಗೆ ಇದೇ ಮೊದಲ ತುಳು ಮಾತು, ಮೊದಲಿನ ಸ್ವರದಲ್ಲೇ ಬಂತು. ಇದಕ್ಕೆ ಡಿಕ್ಷನರಿ ಕೆಳಗಿಳಿಸಬೇಕಾಗಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಇನ್ನೊಂದು ಚಮಚ ತುಂಬಿಕೊಂಡಿತ್ತು. ಅದನ್ನು ಬಟ್ಟಲಿಗೇ ವಾಪಸು ಸುರಿದೆ. ಸೋಮವಾರ ಬೇಡ ಎಂದು ಡಾಕ್ಟರಿಗೆ ನೀನೇ ಹೇಳು, ನನ್ನ ಬಾಯಲ್ಲಿ ಅದು ಬರುವುದಿಲ್ಲ. ಸಿಕ್ಕಿದ ವಿಮಾನಕ್ಕೆ ಹೊರಟು ಬಾ.